ಕಾಲ ಮೇಲೆ ಎಳೆದ ಗೆರೆ

ಮೇ 6

ಚಿಕ್ಕಂದಿನಿಂದ ನನ್ನ ಹಿಂದೆಯೇ ಅಲೆದ ನನ್ನ ಬಾಲಕ್ಕೆ,

ಈ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಮಾತು ಕೇಳದೆ ದೊಡ್ಡ ಡಾಕ್ಟರು ಯಾರಿಗೂ ಸೂಜಿ ಚುಚ್ಚುವುದಿಲ್ಲ. ನಿನ್ನೆ ಆಪರೇಷನ್ ಕೋಣೆಯಿಂದ ಕೈಗವಸಿನಲ್ಲೇ ಓಡಿ ಬಂದು, "ಯಜಮಾನ್ರೇ, ಎಡಗಡೆಯಿಂದ ಕುಯ್ಯಲೋ, ಬಲಗಡೆಯಿಂದಲೋ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಯೋಚಿಸಿ "ಎಡಗಡೆ" ಎಂದೆ. ರೋಗಿ ಬದುಕಿಕೊಂಡ.

ಇಷ್ಟು ಓದುವಷ್ಟರಲ್ಲಿ ನಾನು ಆಸ್ಪತ್ರೆಯಲ್ಲಿದ್ದೇನೆ ಎಂದು ನಿನಗೆ ತಿಳಿದಿರುತ್ತದೆ. ಗಾಬರಿಯಾಗಬೇಡ. ಫೋನ್ ಮಾಡೋಣವೆಂದರೆ ನನ್ನ ಫೋನಿನ ಕಿವಿ ಕೆಟ್ಟಿದೆ, ಸ್ಪೀಕರ್ ಹಾಕಿದರೆ ಮಾತ್ರ ಮಾತು ಕೇಳುತ್ತದೆ. ಆಗ ನಿನ್ನ ಬೈಗುಳ ಇಡೀ ವಾರ್ಡಿಗೆ ಪುಕ್ಕಟೆ ಸಿಗುತ್ತದೆ. ಏಳನೇ ಕ್ಲಾಸಿನಲ್ಲಿ ಕೈಬರಹಕ್ಕೆ ಮೊದಲ ಬಹುಮಾನ ಹೊಡೆದವನು ನಾನು, ಕಾಗದವೇ ಬರೆಯುತ್ತೇನೆ. (ಎರಡನೇ ಬಹುಮಾನ ಅಂತ ನಿಮ್ಮಮ್ಮ ಹೇಳುತ್ತಾಳೆ. ಅವಳಿಗೆ ಹೊಟ್ಟೆಕಿಚ್ಚು.)

ಆದದ್ದಿಷ್ಟು. ಮೂರಂತಸ್ತಿನ ಲಾಡ್ಜಿನ ಮೆಟ್ಟಿಲ ಗೋಡೆಗೆ ಬಣ್ಣ ಹೊಡೆಯುತ್ತಿದ್ದೆ. ಏಣಿಯ ಕಬ್ಬಿಣದ ಪಟ್ಟಿ ಬಲಗಾಲಿನ ಮುಂಗಾಲೆಲುಬಿನ ಮೇಲೆ ತರಚಿತು. ಇಂಥ ಗಾಯ ನನಗೆ ವಾರಕ್ಕೆರಡು. ಸಂಜೆ ಕಾಲಿಗೆ ಸಿಡಿದ ಬಣ್ಣವನ್ನು ಯಾವಾಗಿನ ಹಾಗೆ ಟರ್ಪೆಂಟೈನಿನಲ್ಲಿ ಒರೆಸಿಕೊಂಡೆ, ಗಾಯದ ಮೇಲೂ ಒರೆಸಿದೆ. ಉರಿದರೆ ಒಳ್ಳೆಯದು ಅಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ಕಾಲು ಬಾಳೆಯ ದಿಂಡಾಗಿ, ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ. ನನ್ನ ಕೋಣೆಯ ಕೆಳಗಿನ ಹಾರ್ಡ್‌ವೇರ್ ಅಂಗಡಿಯವನು ಆಟೋದಲ್ಲಿ ತಂದು ಇಲ್ಲಿ ಇಳಿಸಿ, "ಬಾಡಿಗೆ ಬಾಕಿ ಇಟ್ಕೊಂಡು ಸಾಯ್ಬೇಡ ಮಾರಾಯಾ" ಎಂದು ಹರಸಿ ಹೋದ.

ಚರ್ಮದ ಸೋಂಕಂತೆ. ಮೇಲಿನ ಪದರ ದಾಟಿ ಒಳಗಿಳಿದಿದೆಯಂತೆ. ಕಾಲನ್ನು ಮೂರು ದಿಂಬಿನ ಮೇಲೆ ಏರಿಸಿ, ಕೈಗೆ ಡ್ರಿಪ್ ಹಾಕಿ ಮಲಗಿಸಿದ್ದಾರೆ. 'ಆ ವಿಷಯ'ವನ್ನು ಬಂದ ಕೂಡಲೇ ಹೇಳಿದ್ದೇನೆ, ಕಾರ್ಡೂ ತೋರಿಸಿದ್ದೇನೆ. ನಿಮ್ಮಮ್ಮ ಆರು ವರ್ಷದಿಂದ ಎಚ್‌ಐವಿ ಅನ್ನುವ ಪದವನ್ನು ನಾಲಿಗೆಯ ಮೇಲೆ ತಂದಿಲ್ಲ. ಇಲ್ಲಿ ಚಿಕ್ಕ ಡಾಕ್ಟರಮ್ಮ ಅದನ್ನು ನೆಗಡಿ ಅಂದ ಹಾಗೆ ಅಂದುಬಿಟ್ಟರು. ದೊಡ್ಡ ಡಾಕ್ಟರಿಗಿಂತ ಗಿಡ್ಡವಾಗಿರುವುದರಿಂದ ಅವರು ನನಗೆ ಚಿಕ್ಕ ಡಾಕ್ಟರಮ್ಮ.

"ಮಾತ್ರೆ ದಿನಾ ತಗೊಳ್ತಿದ್ದೀರಾ?" ಎಂದು ಕೇಳಿದರು.

"ನಾನು ಮಾತ್ರೆ ನುಂಗೋದು ನೋಡಿ ಊರಿನವರು ಗಡಿಯಾರ ಸರಿ ಮಾಡ್ಕೊಳ್ತಾರೆ ಡಾಕ್ಟ್ರೇ."

"ತಮಾಷೆ ಬೇಡ. ಸರಿಯಾಗಿ ತಗೊಂಡಿದ್ರೆ ಈ ಕಾಲು ಎಲ್ಲರ ಕಾಲಿನ ಹಾಗೆ ವಾಸಿಯಾಗುತ್ತೆ. ಬಿಟ್ಟಿದ್ರೆ ಮೈಗೆ ಹೋರಾಡೋ ಶಕ್ತಿ ಇರಲ್ಲ. ಆಗ ನಾವು ಬೇರೆ ಥರ ನೋಡ್ಬೇಕು. ಅದಕ್ಕೇ ಕೇಳ್ತಿರೋದು."

ಒಂದು ದಿನವೂ ತಪ್ಪಿಸಿಲ್ಲ ಅಂದೆ.

ಆಮೇಲೆ ದಪ್ಪ ಕನ್ನಡಕದ ಸಿಸ್ಟರ್ ಬಂದು, ಕೆಂಪಗಾದ ಜಾಗದ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದರು. ಕೆಂಪು ಈ ಗೆರೆ ದಾಟಿದರೆ ಕೂಡಲೇ ಕರೆಯಬೇಕಂತೆ. ಎಂಥ ಗೆರೆ ಅಂತೀ! ಕುಡಿದವನು ಸೈಕಲ್ ಹೊಡೆದ ಹಾಗೆ. ಹೊರಟ ಜಾಗಕ್ಕೂ ಬಂದು ಸೇರಿದ ಜಾಗಕ್ಕೂ ಅರ್ಧ ಬೆರಳು ವ್ಯತ್ಯಾಸ. ಮೂವತ್ತು ವರ್ಷದಿಂದ ಟೇಪು ಅಂಟಿಸದೆ ಕಿಟಕಿಯ ಚೌಕಟ್ಟಿಗೆ ಅಂಚು ಎಳೆದವನ ಕಾಲಿನ ಮೇಲೆ ಇಂಥ ಗೆರೆ!

ನಿನ್ನ ಹತ್ತಿರ ಮುಚ್ಚಿಡುವುದೇನು, ಮಾತ್ರೆ ಎರಡು ದಿನ ತಪ್ಪಿದೆ. ಲಾಡ್ಜಿನ ಕೆಲಸದ ಗಡಿಬಿಡಿ. ನಿಮ್ಮಮ್ಮನಿಗೆ ಹೇಳಬೇಡ.

ಇಂತು, ಆಸ್ಪತ್ರೆಯ ಮುಖ್ಯ ಸಲಹೆಗಾರನಾದ
ನಿನ್ನ ಮಾಮ


ಮೇ 10

ಮಾಮ,

ಕಾಗದ ಸಿಕ್ಕಿತು. ಟಿಕೆಟ್ ಕೌಂಟರಿನಲ್ಲಿ ಕೂತು ಓದಿದೆ. ಎದುರಿಗೆ ಸಾಲು ಬೆಳೆದು, ಒಬ್ಬ "ಮೇಡಂ, ಬಸ್ಸು ಹೋದ್ಮೇಲೆ ಟಿಕೆಟ್ ಕೊಡ್ತೀರಾ?" ಎಂದು ಕೂಗಿದ. ಕೊಟ್ಟು ಮತ್ತೆ ಓದಿದೆ.

ನಾನು ಈಗ ಬರುವ ಹಾಗಿಲ್ಲ. ಮರಿಗೆ ಚಿಕನ್‌ಪಾಕ್ಸ್. ಮೈತುಂಬ ನೀರುಗುಳ್ಳೆ. ಕೈಗೆ ಕಾಲುಚೀಲ ಹಾಕಿ ಕೂರಿಸಿದ್ದೇನೆ, ಕೆರೆದುಕೊಳ್ಳಬಾರದೆಂದು. ಈ ಮೈಯಲ್ಲಿ ನಿನ್ನ ಹತ್ತಿರ ಬರಲೇಕೂಡದು ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ನಿನ್ನಂಥವರಿಗೆ ಅದು ಅಂಟಿದರೆ ಕಷ್ಟವಂತೆ. ನೋಡು, ಮೂರು ವರ್ಷದ ನನ್ನ ಮಗನಿಂದ ನಿನಗೆ ಅಪಾಯ. ನೀನು ನೋಡಿದರೆ ನಿನ್ನಿಂದ ಅವನಿಗೆ ಅಪಾಯ ಅಂತ ಅವನನ್ನು ಎತ್ತಿಕೊಳ್ಳುವುದಕ್ಕೇ ಎರಡು ವರ್ಷ ತೆಗೆದುಕೊಂಡೆ.

ಅಮ್ಮನಿಗೆ ಹೇಳದೆ ಇರಲಾಗಲಿಲ್ಲ. ಕಾಗದ ಬಂದಾಗ ಬಾಗಿಲಲ್ಲಿ ನಿಂತಿದ್ದವಳು ಅವಳೇ. "ಬಾಯಿದ್ದೋನು ಬದುಕ್ತಾನೆ ಅಂತಾರೆ, ನನ್ನ ತಮ್ಮ ಬಾಯಿಂದ್ಲೇ ಸಾಯ್ತಾನೆ ನೋಡು" ಅಂದಳು. ಹಾಗೆಂದು ಹೋಗಿ ನಿನ್ನ ಹಳೇ ಸ್ವೆಟರ್ ಹುಡುಕಿ ತೆಗೆದು ಬಿಸಿಲಿಗೆ ಹಾಕಿದಳು. ಕೈಬರಹದಲ್ಲಿ ನಿನಗೆ ಬಂದದ್ದು ಎರಡನೇ ಬಹುಮಾನವೂ ಅಲ್ಲವಂತೆ, ಮೂರನೆಯದಂತೆ. ಕ್ಲಾಸಿನಲ್ಲಿ ಇದ್ದದ್ದೇ ಮೂರು ಜನವಂತೆ.

ಈಗ ನನ್ನ ಮಾತು ಕೇಳು. ಎರಡು ದಿನ ಮಾತ್ರೆ ತಪ್ಪಿದ್ದಕ್ಕೆ ಕಾಲು ಬಾಳೆಯ ದಿಂಡಾಗುವುದಿಲ್ಲ. ಎಷ್ಟು ದಿನ ತಪ್ಪಿಸಿದ್ದೀ? ನನಗೆ ಹೇಳದಿದ್ದರೂ ಬೇಡ, ಡಾಕ್ಟರಿಗೆ ಹೇಳು. ಅವರು ಔಷಧಿ ಕೊಡುವುದು ನೀನು ಹೇಳಿದ್ದನ್ನು ನಂಬಿ. ನಿನ್ನ ಸುಳ್ಳಿಗೆ ಔಷಧಿ ಕೊಟ್ಟರೆ ನಿನ್ನ ಸುಳ್ಳು ವಾಸಿಯಾಗುತ್ತದೆ, ಕಾಲು ಆಗುವುದಿಲ್ಲ.

ನಿನ್ನ ಬಾಲ


ಮೇ 14

ಬಾಲಕ್ಕೆ,

ಕ್ಲಾಸಿನಲ್ಲಿ ನಾಲ್ಕು ಜನ ಇದ್ದೆವು. ಕೇಳು ಬೇಕಾದರೆ.

ನಿನ್ನ ಕಾಗದ ಓದಿ ನಗು ಬಂತು. ಆಯ್ತಮ್ಮ, ಒಪ್ಪಿದೆ, ಎರಡು ದಿನವಲ್ಲ. ಹದಿನೈದು ದಿನ. ಈಗ ಸಮಾಧಾನವಾಯಿತೇ? ಇದನ್ನು ಹೋಗಿ ಚಿಕ್ಕ ಡಾಕ್ಟರಮ್ಮನಿಗೆ ಹೇಳಿ ಆ ಹೆಂಗಸಿನ ತಲೆ ಕೆಡಿಸುವುದೇಕೆ? ಇಲ್ಲಿ ಮಾತ್ರೆಯ ಸಮಯ ತಪ್ಪುತ್ತಿಲ್ಲ. ಡಬ್ಬಿ ನನ್ನ ತಲೆದಿಂಬಿನ ಪಕ್ಕದಲ್ಲೇ ಇದೆ. ರಾತ್ರಿ ಊಟವಾದ ಮೇಲೆ ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತೇನೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಸಕ್ಕರೆ ಕಾಯಿಲೆ, ಪಾದದ ಹುಣ್ಣು. ಗೊರಕೆ ಹೊಡೆಯುವಾಗಲೂ ಗೇರ್ ಬದಲಾಯಿಸುತ್ತಾನೆ. ಮೊದಲ ದಿನವೇ ನನ್ನನ್ನು ಕೇಳಿದ:

"ನಿಮ್ಗೇನು ಕಾಯಿಲೆ?"

"ಕಾಲು."

"ಕಾಲು ಕಾಯಿಲೆ ಅಲ್ಲ, ಅಂಗ."

"ನಿಮ್ಗೆ?"

"ಸಕ್ಕರೆ."

"ಸಕ್ಕರೆ ಕಾಯಿಲೆ ಅಲ್ಲ, ದಿನಸಿ."

ಅಲ್ಲಿಂದ ಗೆಳೆತನ. ಅವನಿಗೆ ಆ ವಿಷಯ ಹೇಳಿಲ್ಲ. ಅವನು ಕೇಳಿಯೂ ಇಲ್ಲ. ಆದರೆ ನನ್ನ ಲೋಟದಲ್ಲಿ ಟೀ ಬಗ್ಗಿಸಿಕೊಂಡು ಕುಡಿಯುತ್ತಾನೆ. ಗೊತ್ತಿದ್ದು ಕುಡಿಯುತ್ತಾನೋ ಗೊತ್ತಿಲ್ಲದೆಯೋ ಎಂದು ನನಗೆ ಗೊತ್ತಿಲ್ಲ. ಎರಡೂ ಒಂದೇ, ಏನೂ ಆಗುವುದಿಲ್ಲ ಎಂದು ನೀನೇ ನನಗೆ ಹೇಳಿಕೊಟ್ಟಿದ್ದಲ್ಲವೇ.

ಕಾಲಿನ ಸುದ್ದಿ ಉತ್ತಮ. ಎಂಟು ದಿನದಿಂದ ಕೆಂಪು ಗೆರೆಯ ಒಳಗೇ ಇದೆ. ಚಿಕ್ಕ ಡಾಕ್ಟರಮ್ಮನಿಗೆ ಆಶ್ಚರ್ಯ. ಜ್ವರ ಏರುತ್ತಿದೆ, ನೋವು ಏರುತ್ತಿದೆ, ಕೆಂಪು ಮಾತ್ರ ಗೆರೆ ದಾಟುತ್ತಿಲ್ಲ, ಇದೇನು ಅಂದರು. ದಾಟಿದರೆ ರಕ್ತ ಪರೀಕ್ಷೆಗೆ ಕಳಿಸಿ ಆ ವಿಷಯದ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಬೇಕು ಎಂದು ಸಿಸ್ಟರಿಗೆ ಹೇಳುತ್ತಿದ್ದರು. ನಾನು ಅಂದೆ, "ನಮ್ಮ ವಂಶದಲ್ಲೇ ಯಾರೂ ಗೆರೆ ದಾಟಿದವರಿಲ್ಲ ಡಾಕ್ಟ್ರೇ." ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಡಾಕ್ಟರಮ್ಮ ನಗಲಿಲ್ಲ. ಜ್ವರದ ಚೀಟಿಯನ್ನು ಇನ್ನೊಮ್ಮೆ ನೋಡಿ ಹೋದರು.

ಮರಿಯ ಕೈಯಿಂದ ಕಾಲುಚೀಲ ತೆಗೆಯಬೇಡ. ನಾನು ಹೇಳಿದೆನೆಂದು ಹೇಳು.

ಶಿಸ್ತಿನ ವಂಶಸ್ಥ,
ನಿನ್ನ ಮಾಮ


ಮೇ 20

ಬಾಲಕ್ಕೆ,

ಈ ಅಕ್ಷರ ನೋಡಿ ಹೆದರಬೇಡ. ಇದು ನನ್ನ ಕೈಬರಹವಲ್ಲ. ಬಲಗೈಯಲ್ಲಿ ಸೂಜಿ ಇರುವುದರಿಂದ ನಾನು ಹೇಳುತ್ತಿದ್ದೇನೆ, ದಪ್ಪ ಕನ್ನಡಕದ ಸಿಸ್ಟರ್ ತಮ್ಮ ಊಟದ ಸಮಯದಲ್ಲಿ ಬರೆದುಕೊಡುತ್ತಿದ್ದಾರೆ. ಅಕ್ಷರ ಅವರ ಗೆರೆಯ ಹಾಗೇ ಇದೆ. (ಅದನ್ನೂ ಬರೆಯಿರಿ ಅಂದೆ. ಬರೆದರು.)

ಅದುವರೆಗೆ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್ ಮೂರು ದಿನದ ಹಿಂದೆ ಬೆಳಗಿನ ಪಾಳಿಗೆ ಬಂದು, ನನ್ನ ಹೊದಿಕೆ ಸರಿಸಿ ಕಾಲು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಈ ಗೆರೆ ಎಳೆದೋರು ಯಾರು?"

"ನೀವೇ ಸಿಸ್ಟರ್."

"ಇಪ್ಪತ್ತು ವರ್ಷದಿಂದ ಎಳೀತಿದ್ದೀನಿ, ಒಂದು ಸಲಾನೂ ನನ್ನ ಗೆರೆಯ ಎರಡು ತುದಿ ಸರಿಯಾಗಿ ಸೇರಿಲ್ಲ. ಇದು ಬಳೆ ಇಟ್ಟು ಎಳೆದ ಹಾಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆರಳು ಮುಚ್ಚಿಕೊಂಡೆ. ಬೆರಳ ತುದಿಯಲ್ಲಿ ನೀಲಿ ಶಾಯಿ ಇತ್ತು.

ವಿಷಯ ಇಷ್ಟೇ. ಡ್ರೆಸ್ಸಿಂಗ್ ಟ್ರೇಯಿಂದ ಸ್ಪಿರಿಟ್ ಹತ್ತಿ ಎತ್ತಿಟ್ಟುಕೊಂಡು, ದಿನಾ ಹಳೇ ಗೆರೆ ಅಳಿಸಿ, ಕೆಂಪಿನಿಂದ ಎರಡು ಬೆರಳು ಆಚೆಗೆ ಹೊಸ ಗೆರೆ ಎಳೆಯುತ್ತಿದ್ದೆ. ಕೆಲಸದಲ್ಲಿ ತಪ್ಪಿರಲಿಲ್ಲ. ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ಸ್ವಲ್ಪ ಅಂಕುಡೊಂಕು ಮಾಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಕೈ ಕೇಳಬೇಕಲ್ಲ.

ಸಿಸ್ಟರ್ ಒಂದು ಮಾತೂ ಬೈಯದೆ ಓಡಿದರು. ಅಷ್ಟರಲ್ಲಿ ಕೆಂಪು ಮಂಡಿ ಮುಟ್ಟಿತ್ತು, ಮೀನಖಂಡದ ಒಳಗೆ ಕೀವು ಕಟ್ಟಿತ್ತು. ಅರ್ಧ ಗಂಟೆಯಲ್ಲಿ ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಎಡಗಡೆಯಿಂದಲೋ ಬಲಗಡೆಯಿಂದಲೋ ಎಂದು ಯಾರೂ ಕೇಳಲಿಲ್ಲ. ಇನ್ನೂ ಎರಡು ದಿನ ಬಿಟ್ಟಿದ್ದರೆ ಮಂಡಿಯಿಂದ ಕೆಳಗೆ ತೆಗೆಯಬೇಕಾಗುತ್ತಿತ್ತು ಎಂದು ದೊಡ್ಡ ಡಾಕ್ಟರು ಆಮೇಲೆ ಹೇಳಿದರು. ಅವರು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಇನ್ನೊಂದು. ಡಬ್ಬಿಯನ್ನು ಸಿಸ್ಟರ್ ತೆಗೆದು ಮೂಸಿ ನೋಡಿದರು. ಅದರಲ್ಲಿ ಪೆಪ್ಪರ್‌ಮೆಂಟ್ ಇತ್ತು. ನಾನು ದಿನಾ ಕಟುಮ್ ಎಂದು ಅಗಿಯುವುದನ್ನು ಕೇಳಿ ಅವರಿಗೆ ಮೊದಲೇ ಅನುಮಾನ ಬಂದಿತ್ತಂತೆ. ಮಾತ್ರೆ ಅಗಿದು ಚಪ್ಪರಿಸುವವರನ್ನು ಅವರು ನೋಡಿಲ್ಲವಂತೆ. ಡ್ರೈವರಿನ ಮುಖ ನೋಡಬೇಕಿತ್ತು ನೀನು. "ನನ್ಗೂ ಒಂದೊಂದು ಕೊಡಬಹುದಿತ್ತಲ್ಲಯ್ಯಾ!" ಅಂದ. ಸಕ್ಕರೆ ಕಾಯಿಲೆಯವನು!

ಪ್ರಜ್ಞೆ ಬಂದ ಮೇಲೆ ಚಿಕ್ಕ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಆ ಮಾತುಕತೆಯನ್ನು ಸಿಸ್ಟರಿನ ಕೈಯಲ್ಲಿ ಬರೆಸಲು ನಾಚಿಕೆ. ಡಾಕ್ಟರಿಗೆ ಎಲ್ಲ ನಿಜ ಹೇಳಿದೆ ಅಂತ ಮಾತ್ರ ತಿಳಿದುಕೋ. ಮರುದಿನದಿಂದಲೇ ಮತ್ತೆ ಮಾತ್ರೆ ಶುರುವಾಗಿದೆ. ಈಗ ಸಿಸ್ಟರ್ ಕೈಯಿಂದಲೇ, ನೀರು ಕೊಟ್ಟು, ಬಾಯಿ ತೆರೆಸಿ ನೋಡಿ.

ನಿನಗೂ ಹೇಳಿಬಿಡುತ್ತೇನೆ. ಹದಿನೈದು ದಿನವಲ್ಲ, ಒಂದು ತಿಂಗಳು.

ನಿನ್ನ ಮಾಮ

ಬರೆದುಕೊಟ್ಟವರ ಮಾತು: ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಕೊನೆಯ ಸಾಲಿಗೆ ನಾನು ಹೊಣೆಯಲ್ಲ. ಅದನ್ನು ಸರಿಪಡಿಸುವ ಹಕ್ಕು ನನಗಿಲ್ಲ, ಅವರೇ ಮಾಡಬೇಕು. ಕಾಲು ಉಳಿಯುತ್ತದೆ, ಚಿಂತಿಸಬೇಡಿ.


ಮೇ 27

ಮಾಮ,

ಕಾಲು ಉಳಿಯುತ್ತದೆ ಎಂಬ ಸಾಲನ್ನು ಅಮ್ಮ ಮೂರು ಸಲ ಓದಿಸಿದಳು. ಆಮೇಲೆ ಆ ಸಿಸ್ಟರ್ ಮದುವೆಯಾಗಿದೆಯಾ ಎಂದು ಕೇಳಿದಳು. ಯಾಕೆ ಅಂದೆ. "ಅವನ ಸುಳ್ಳನ್ನ ಮೂಸಿ ನೋಡಿ ಹಿಡಿಯೋ ಹೆಂಗಸು ಒಬ್ಳಾದ್ರೂ ಸಿಕ್ಕಿದ್ಳಲ್ಲ" ಅಂದಳು.

ನಾನು ನಗಲಿಲ್ಲ.

ಒಂದು ತಿಂಗಳಲ್ಲ ಅದು. ಸಿಸ್ಟರ್ ಬರೆದ ಎರಡು ಸಾಲು ಸಾಕಾಯಿತು ನನಗೆ. ನಿನ್ನೆಯೆಲ್ಲ ಕೌಂಟರಿನಲ್ಲಿ ಕೂತು ಯೋಚಿಸಿದೆ. ಇಬ್ಬರಿಗೆ ತಪ್ಪು ಬಸ್ಸಿನ ಟಿಕೆಟ್ ಕೊಟ್ಟೆ.

ಹೋದ ಸೆಪ್ಟೆಂಬರ್ ಎಂಟು, ಭಾನುವಾರ. ನಾನು ಮರಿಯನ್ನು ಎತ್ತಿಕೊಂಡು ನಿನ್ನ ಊರಿಗೆ ಬಂದಿದ್ದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುವಾಗ ನೀನು ಸುದ್ದಿ ಹೇಳಿದೆ. ಮಾತ್ರೆ ಕೊಡುವ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿ, "ವೈರಸ್ ಕಾಣ್ತಿಲ್ಲ" ಅಂದರು ಎಂದೆ. ನಿನ್ನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆವತ್ತೇ ಅಲ್ಲವೇ ನೀನು ಮೊದಲ ಸಲ ಮರಿಯನ್ನು ಕೈಯಲ್ಲಿ ತೆಗೆದುಕೊಂಡದ್ದು? ಮೇಲಕ್ಕೆ ಎಸೆದು ಹಿಡಿದು, "ಗೆದ್ದೆ ಕಣೋ ಮರಿ!" ಅಂದೆ. ನಾನು ಕುಣಿದುಬಿಟ್ಟೆ. "ಹಾಗಾದ್ರೆ ಆ ಡಬ್ಬಿ ಬಿಸಾಕು ಮಾಮ, ಇನ್ಯಾಕೆ ಅದು!" ಅಂದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ ಆಯಿತು ನನ್ನ ಬುದ್ಧಿ. ನೀನು ಏಳನೇ ಕ್ಲಾಸು. ನಾನು ಡಿಗ್ರಿ ಮಾಡಿದವಳು. ಕಾಣ್ತಿಲ್ಲ ಅಂದರೆ ಏನು ಎಂದು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಮೊನ್ನೆ ಮರಿಯ ಡಾಕ್ಟರನ್ನು ಕೇಳಿದೆ. ಮಾತ್ರೆ ತೆಗೆದುಕೊಳ್ಳುವವರೆಗೂ ಅದು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಅಡಗಿರುತ್ತದೆ, ಬಿಟ್ಟರೆ ಎದ್ದು ಬರುತ್ತದೆ ಅಂದರು. ಇಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ ಅವರಿಗೆ ಹೇಳಲು.

ನಾನು ಹೇಳಿದ ದಿನದಿಂದ ನೀನು ಮಾತ್ರೆ ಬಿಟ್ಟೆಯಾ?

ಮರಿಯ ಗುಳ್ಳೆ ಉದುರಿವೆ. ನಾನು ಬರಬಹುದು. ಆದರೆ ಬರುವುದಿಲ್ಲ. ಎದುರಿಗೆ ಬಂದರೆ ನೀನು ಏನಾದರೂ ಹೇಳಿ ನಗಿಸುತ್ತೀ, ನಾನು ನಕ್ಕು ಕೇಳುವುದನ್ನು ಮರೆಯುತ್ತೇನೆ. ಚಿಕ್ಕಂದಿನಿಂದ ಹೀಗೇ ಮಾಡಿದ್ದೀ. ಕಾಗದದಲ್ಲಿ ಬರಿ. ನನಗೆ ಸಮಾಧಾನವಾಗಲಿ ಎಂದು ಬರೆಯಬೇಡ. ನಿಜ ಬರಿ.

ಬಾಲ


ಜೂನ್ 9

ಬಾಲಕ್ಕೆ,

ನಿಮ್ಮಮ್ಮ ಬಂದು ಹೋದಳು. ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾಳೇನೋ ಅಂದುಕೊಂಡಿದ್ದೆ. ಎಲ್ಲರೂ ಇರುವ ಹೊತ್ತಿಗೇ ಬಂದಳು. ಕಿತ್ತಳೆ ಹಣ್ಣು ತಂದಿದ್ದಳು, ಸ್ವೆಟರೂ ತಂದಿದ್ದಳು. ಈ ಸೆಕೆಯಲ್ಲಿ ಸ್ವೆಟರ್ ಹಾಕಿಸಿಯೇ ಬಿಟ್ಟಳು. ಹಣ್ಣು ಸುಲಿದು ಒಂದು ತೊಳೆ ನನಗೆ, ಒಂದು ತೊಳೆ ಡ್ರೈವರಿಗೆ, ಒಂದು ತೊಳೆ ತನಗೆ, ಹೀಗೆ ಹಂಚಿದಳು. ಸಿಸ್ಟರ್ ಡ್ರೆಸ್ಸಿಂಗ್ ಬಿಚ್ಚಿದಾಗ ಆಚೆ ಹೋಗು ಅಂದೆ, ಹೋಗಲಿಲ್ಲ. ಗಾಯವನ್ನು ನೋಡಿದಳು. ಒಳಗೆ ತುರುಕಿದ್ದ ಬಟ್ಟೆ ಎಳೆಯುವಾಗ ನಾನು ಹಲ್ಲು ಕಚ್ಚಿದೆ. ಅವಳು ನನ್ನ ಇನ್ನೊಂದು ಕಾಲನ್ನು, ಏನೂ ಆಗದ ಕಾಲನ್ನು, ಒತ್ತುತ್ತಾ ಕೂತಳು.

ಹೊರಡುವಾಗ ಸಿಸ್ಟರನ್ನು ಕೇಳಿದಳು: "ಇವ್ನ ಎಚ್‌ಐವಿ ಮಾತ್ರೆ ಯಾವ ಹೊತ್ತಿಗೆ?"

ನಾನು ಕಿತ್ತಳೆ ಬೀಜ ನುಂಗಿಬಿಟ್ಟೆ.

ಡ್ರೈವರ್ ಗೋಡೆ ಕಡೆ ತಿರುಗಿ ಮಲಗಿದ್ದ. ಅವಳು ಹೋದ ಮೇಲೆ ಎದ್ದು ಕೂತು, "ನಿಮ್ಮಕ್ಕ ಹಣ್ಣು ಚೆನ್ನಾಗಿ ಆರಿಸ್ತಾರೆ" ಅಂದ. ಅಷ್ಟೇ ಅಂದ. ಸಂಜೆ ಮತ್ತೆ ನನ್ನ ಲೋಟದಿಂದಲೇ ಟೀ ಬಗ್ಗಿಸಿಕೊಂಡ.

ಗಾಯ ತುಂಬುತ್ತಿದೆ. ಬರುವ ವಾರ ಮನೆಗೆ ಕಳಿಸುತ್ತಾರಂತೆ. ಊಟದಲ್ಲಿ ಮೊಟ್ಟೆ ಎರಡು ಕೊಡುತ್ತಿದ್ದಾರೆ. ಗೋಡೆಯ ಬಣ್ಣ ಮಾತ್ರ ಬಹಳ ಕೆಟ್ಟದಾಗಿದೆ, ಪ್ರೈಮರ್ ಹಾಕದೆ ಹೊಡೆದಿದ್ದಾರೆ.

ಮರಿಗೆ ಮುತ್ತು.

ನಿನ್ನ ಮಾಮ


ಜೂನ್ 15

ಮಾಮ,

ಮೊಟ್ಟೆ ಎರಡು, ಪ್ರೈಮರ್ ಇಲ್ಲ. ತಿಳಿಯಿತು.

ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಬಾಲ


ಆಗಸ್ಟ್ 2

ಬಾಲಕ್ಕೆ,

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ಒಂದರಲ್ಲಿ ಎರಡು ತಿಂಗಳು ಅಂತ ಬರೆದಿದ್ದೆ. ಇನ್ನೊಂದರಲ್ಲಿ, ನೀನು ಬರುವುದಕ್ಕೂ ಮುಂಚೆಯೇ ಬಿಟ್ಟಿದ್ದೆ ಎಂದು. ಅದು ಒಳ್ಳೆಯ ಸುಳ್ಳಾಗಿತ್ತು. ಓದಿದರೆ ನೀನು ಹಗುರಾಗಿ ನಿದ್ದೆ ಮಾಡುತ್ತಿದ್ದೆ. ಅಂಚೆಪೆಟ್ಟಿಗೆಯವರೆಗೆ ಕುಂಟಿಕೊಂಡು ಹೋಗಿ, ಕೈ ಒಳಗೆ ಹಾಕಿ, ಹಾಗೇ ವಾಪಸ್ ತೆಗೆದೆ. ನಿಜ ಬರಿ ಅಂದಿದ್ದೀಯಲ್ಲ. ನನ್ನನ್ನು ಹಾಗೆ ಕೇಳಿದವರು ಇಬ್ಬರೇ, ನೀನು ಮತ್ತು ಚಿಕ್ಕ ಡಾಕ್ಟರಮ್ಮ.

ಅವರಿಗೆ ನಾನು ಹೇಳಿದ್ದನ್ನು ಮೊದಲು ಹೇಳುತ್ತೇನೆ. ಕುರ್ಚಿ ಎಳೆದುಕೊಂಡು ಕೂತರು ಅಂದೆನಲ್ಲ, ಆವತ್ತಿನದು.

"ಯಾಕೆ ಬಿಟ್ರಿ?" ಎಂದು ಕೇಳಿದರು.

"ನೀವೇ ಅಲ್ವೇ, ಕಾಣ್ತಿಲ್ಲ ಅಂದಿದ್ದು?"

"ನಾನಲ್ಲ."

"ನಿಮ್ಮೋರು."

"ಕಾಣ್ತಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ನಿಮ್ಮ ಕೆಲಸ ಏನು?"

"ಪೇಂಟರ್."

"ಒದ್ದೆ ಗೋಡೆಗೆ ಬಣ್ಣ ಹೊಡೆದ್ರೆ?"

ಬಾಲ, ಎಷ್ಟು ಮನೆಯ ಯಜಮಾನರಿಗೆ ನಾನು ಬೆರಳು ಆಡಿಸಿ ಹೇಳಿಲ್ಲ: "ಬಣ್ಣ ಹೊಡೆದ್ರೆ ಕಲೆ ಕಾಣಲ್ಲ ಸಾರ್, ಒಳಗಿನ ತೇವ ಎಲ್ಲೂ ಹೋಗಲ್ಲ." ಆರು ತಿಂಗಳಿಗೆ ಕಲೆ ಮತ್ತೆ ಎದ್ದಾಗ, ನಾನು ಹೇಳಿರಲಿಲ್ಲವೇ ಎಂದು ಮೀಸೆ ತಿರುವಿದವನು ನಾನು. ನನ್ನ ಮೈಯ ಗೋಡೆಗೆ ಬಂದಾಗ ಒಂದು ಪದರ ಬಣ್ಣ ನೋಡಿ ಬೀಗಿಬಿಟ್ಟೆ.

ಈಗ ನಿನ್ನ ಪ್ರಶ್ನೆ. ನೀನು ಅಂದ ದಿನ ನಾನು ಡಬ್ಬಿ ಬಿಸಾಡಲಿಲ್ಲ. ಇದು ನಿನ್ನ ಸಮಾಧಾನಕ್ಕೆ ಹೇಳುವುದಲ್ಲ, ನಡೆದದ್ದು. ಆ ರಾತ್ರಿಯ ಮಾತ್ರೆ ನುಂಗಿ ನೋಡಿದೆ, ತಳದಲ್ಲಿ ಇನ್ನೂ ಹನ್ನೊಂದು ಇದ್ದವು. ಪುಕ್ಕಟೆ ಬಂದದ್ದಾದರೂ ಹಾಳು ಮಾಡಬಾರದು ಎಂದು ದಿನಕ್ಕೊಂದರಂತೆ ತಿಂದು ಮುಗಿಸಿದೆ. ಸಾಯುವ ಕೆಲಸವನ್ನೂ ನಾನು ಮಿತವ್ಯಯದಿಂದಲೇ ಮಾಡಿದೆ. ಆ ಹನ್ನೊಂದು ದಿನವೂ ನನಗೆ ಒಂದು ಅನುಮಾನ ಇತ್ತು. ಹೋಗಿ ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು, ನಿನ್ನ ಮರಿಯ ಡಾಕ್ಟರು ಹೇಳಿದ ಹಾಗೆ. ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆ ಎಂದು ಒಳಗೆ ಎಲ್ಲೋ ಗೊತ್ತಿತ್ತು.

ಯಾಕೆ ಎಂದರೆ, ಆ ಸಾಲು. ತಿಂಗಳಿಗೊಮ್ಮೆ ಮಾತ್ರೆಗೆ ನಿಲ್ಲುವ ಸಾಲು. ಅದರಲ್ಲಿ ನಿಂತವರೆಲ್ಲರಿಗೂ ಎಲ್ಲರೂ ಯಾಕೆ ನಿಂತಿದ್ದಾರೆಂದು ಗೊತ್ತು. ಒಬ್ಬರು ಇನ್ನೊಬ್ಬರ ಮುಖ ನೋಡುವುದಿಲ್ಲ. ಲೋಕದಲ್ಲಿ ಎಲ್ಲಿ ನಿಂತರೂ ನಾನು ಒಂದು ಕಥೆ ಕಟ್ಟುತ್ತೇನೆ. ಬಸ್ಸಿನಲ್ಲಿ, ಏಣಿಯ ಮೇಲೆ, ಆಸ್ಪತ್ರೆಯ ಮಂಚದ ಮೇಲೆ ಕೂಡ. ಆ ಸಾಲಿನಲ್ಲಿ ಮಾತ್ರ ಬಾಯಿ ತೆರೆಯಲಾಗುತ್ತಿರಲಿಲ್ಲ. ಯಾರ ಹತ್ತಿರ ಏನೆಂದು ಬಡಾಯಿ ಕೊಚ್ಚುವುದು? ಅಲ್ಲಿ ನಾನು ಕೈಯಲ್ಲಿ ಕಾರ್ಡ್ ಹಿಡಿದ ಒಬ್ಬ ಮನುಷ್ಯ, ಅಷ್ಟೇ. ಕಾಣ್ತಿಲ್ಲ ಅಂದ ದಿನ, ಇನ್ನು ಆ ಸಾಲಿಲ್ಲ ಎಂದು ನನ್ನ ಎದೆ ಹಿಗ್ಗಿತು. ನೀನು ಅಂದದ್ದು ನೆಪ. ನೀನು ಅನ್ನದಿದ್ದರೆ ಡ್ರೈವರಿನಂಥವನು ಯಾರೋ ಅನ್ನುತ್ತಿದ್ದ, ಯಾರೂ ಅನ್ನದಿದ್ದರೆ ನಾನೇ ಅಂದುಕೊಳ್ಳುತ್ತಿದ್ದೆ. ಆದರೆ ನೀನು ಅಂದದ್ದು ಹೌದು. ಅಂದೇ ಇಲ್ಲ ಎಂದು ನಾನು ಬರೆದರೆ ನೀನು ನಂಬುವುದಿಲ್ಲ. ನಂಬಲೂ ಬಾರದು.

ನೀನು ಲೆಕ್ಕ ಹಾಕಬಾರದೆಂದೇ ನಿನಗೆ ಎರಡು ದಿನ, ಹದಿನೈದು ದಿನ, ಒಂದು ತಿಂಗಳು ಅಂತ ತರಕಾರಿ ಮಾರುವವನ ಹಾಗೆ ಚೌಕಾಸಿ ಮಾಡಿದೆ. ಆ ಗೆರೆಯನ್ನು ಹೊರಹೊರಗೆ ಸರಿಸಿದ್ದೂ ಅದಕ್ಕೇ. ರಕ್ತ ಪರೀಕ್ಷೆಯಾದರೆ ಡಾಕ್ಟರಿಗೆ ಗೊತ್ತಾಗುತ್ತದೆ, ಡಾಕ್ಟರಿಗೆ ಗೊತ್ತಾದರೆ ನಿನಗೆ ಗೊತ್ತಾಗುತ್ತದೆ, ನಿನಗೆ ಗೊತ್ತಾದರೆ ನೀನು ಆ ಕಲ್ಲುಬೆಂಚಿಗೆ ಹೋಗಿ ಕೂರುತ್ತೀ. ಅದನ್ನು ತಪ್ಪಿಸಲು ಒಂದು ಕಾಲು ಕೊಡಬಹುದು ಅನ್ನಿಸಿತ್ತು. ಈಗ ಕಾಲೂ ಉಳಿಯಿತು, ನೀನೂ ಹೋಗಿ ಕೂತಿದ್ದೀ.

ಎದ್ದು ಬಾ. ಇನ್ನು ಸುದ್ದಿ ಕೇಳು. ಮಾತ್ರೆ ಹಳೆಯದೇ ಸಾಕು, ಇನ್ನೂ ಕೆಲಸ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬಂದಿದೆ. ನನ್ನಂಥ ಎಷ್ಟೋ ಜನಕ್ಕೆ ಹಾಗೆ ಬರುವುದಿಲ್ಲವಂತೆ. ಆದರೆ ಮೈಯ ಶಕ್ತಿ ಹಳೆಯ ಮಟ್ಟಕ್ಕೆ ಬರಲು ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು ಅಂದಿದ್ದಾರೆ. ಅಲ್ಲಿಯವರೆಗೆ, ಬೇರೆ ಸೋಂಕು ತಗುಲದಿರಲೆಂದು, ಇನ್ನೂ ಒಂದು ಮಾತ್ರೆ ಜೊತೆಗೆ. ಏಣಿ ಹತ್ತುವುದು ಸದ್ಯಕ್ಕಿಲ್ಲ, ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಗೋಡೆ ಹೊಡೆಯುತ್ತೇನೆ. ಮೇಲಿನದಕ್ಕೆ ಬೇರೆಯವರನ್ನು ಕರೆಯುತ್ತೇನೆ. ಮೀನಖಂಡದ ಮೇಲೆ ಗೇಣುದ್ದ ಗಾಯದ ಗುರುತು, ನೋಡಿದರೆ ಹೊಲಿಗೆ ಹಾಕಿದವನ ಕೈ ಸರಿಯಿಲ್ಲ. ಮೊನ್ನೆ ಆ ಸಾಲಿನಲ್ಲಿ ನಿಂತು ಬಂದೆ. ನನ್ನ ಮುಂದೆ ಒಬ್ಬ ಹುಡುಗಿ ಇದ್ದಳು, ಹೊಸಬಳು, ಕಾರ್ಡನ್ನು ಸೆರಗಿನೊಳಗೆ ಹಿಡಿದಿದ್ದಳು. ಬಾಗಿಲಲ್ಲಿ ನನ್ನನ್ನು ಕೇಳಿದಳು: "ಅಣ್ಣಾ, ಕಾಣ್ತಿಲ್ಲ ಅಂತ ಬಂದ್ರೆ ಆಮೇಲೆ ನಿಲ್ಲಿಸಬಹುದಂತೆ, ಹೌದಾ?"

ನಾನು ಬಾಯಿ ತೆರೆದೆ. ಮೊದಲು ಬಂದದ್ದು ಒಂದು ಬಡಾಯಿಯೇ. ನುಂಗಿದೆ.

"ನಿಲ್ಲಿಸಬಾರದಮ್ಮ. ನಾನು ನಿಲ್ಲಿಸಿದ್ದೆ" ಅಂದೆ.

"ಎಷ್ಟು ದಿನ?" ಎಂದು ಅವಳು ಕೇಳಿದಳು. ನೀನು ಕೇಳಿದ ಹಾಗೇ, ನೆಟ್ಟ ದೃಷ್ಟಿಯಲ್ಲಿ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನೀನು ಬಂದು ಹೋದ ಹನ್ನೆರಡನೆಯ ದಿನದಿಂದ, ಕಾಲು ಕುಯ್ದ ದಿನದವರೆಗೆ. ಒಂದೂ ಬಿಡದೆ ಕೂಡಿದ್ದೇನೆ, ತಪ್ಪಿದ್ದರೆ ನೀನು ತಿದ್ದು.

ಇನ್ನೂರ ನಲವತ್ತು ಮಾತ್ರೆ.

ನಿನ್ನ ಮಾಮ